ಗ್ರಾಫಿಕ್ಸ್ ಕಾರ್ಡ್ ಪಾಸ್‌ಥ್ರೂ: ಮೊದಲು ಐಒಎಂಎಂಯು ಗುಂಪನ್ನು ನೋಡಿಕೊಳ್ಳಿ

ಲಿನಕ್ಸ್‌ನಲ್ಲಿ ಕೆವಿಎಂ (ಕರ್ನಲ್‌ನಲ್ಲೇ ಇರುವ ವರ್ಚುವಲ್ ಯಂತ್ರ ವ್ಯವಸ್ಥೆ) ಮೂಲಕ ವಿಂಡೋಸ್ ನಡೆಸುತ್ತ, ಅದಕ್ಕೆ ಎರಡನೆಯ ಗ್ರಾಫಿಕ್ಸ್ ಕಾರ್ಡನ್ನು ನೇರವಾಗಿ ಒಪ್ಪಿಸಬೇಕೆಂದಿರುವವರು ಕಾರ್ಡ್ ಕೊಳ್ಳುವುದಕ್ಕಿಂತ ಮೊದಲೇ ತಮ್ಮ ಮದರ್‌ಬೋರ್ಡಿನ ಐಒಎಂಎಂಯು ಗುಂಪುಗಳನ್ನು (ಸಾಧನಗಳ ಮೆಮೊರಿ ಬಳಕೆಯನ್ನು ನಿಯಂತ್ರಿಸುವ ಐಒಎಂಎಂಯು ಘಟಕವು ಒಂದರಿಂದೊಂದು ಬೇರ್ಪಡಿಸಲಾಗದ ಸಾಧನಗಳ ಗುಂಪುಗಳು) ಪರೀಕ್ಷಿಸುವುದು ಒಳ್ಳೆಯದು. ಬಯೋಸ್‌ನಲ್ಲಿ ಇಂಟೆಲ್ ಆದರೆ ವಿಟಿ-ಡಿ, ಎಎಂಡಿ ಆದರೆ ಐಒಎಂಎಂಯು ಆಯ್ಕೆಯನ್ನು ಸಕ್ರಿಯಗೊಳಿಸಿ. ಇಂಟೆಲ್ ಯಂತ್ರಗಳಲ್ಲಿ ಕರ್ನಲ್‌ಗೂ ಅದನ್ನು ಬೂಟ್ ಸಾಲಿನಲ್ಲಿ (ಆರಂಭದಲ್ಲಿ ಕರ್ನಲ್‌ಗೆ ಕೊಡುವ ಆಯ್ಕೆಗಳಲ್ಲಿ) ಹೇಳಬೇಕಾಗಬಹುದು.

ಒಂದು ಗುಂಪಿನಲ್ಲಿರುವ ಸಾಧನಗಳನ್ನು, ಪಿಸಿಐ ಬ್ರಿಜ್ (ಸ್ಲಾಟ್‌ಗಳನ್ನು ಉಳಿದ ಯಂತ್ರಕ್ಕೆ ಜೋಡಿಸುವ ಭಾಗ) ಹೊರತುಪಡಿಸಿ, ಬಿಡಿಬಿಡಿಯಾಗಿ ಹಂಚಲು ಬರುವುದಿಲ್ಲ. ಕಾರ್ಡಿನ ಜೊತೆಗೇ ಇರುವ ಎಚ್‌ಡಿಎಂಐ ಧ್ವನಿ ಸಾಧನವನ್ನೂ ಒಟ್ಟಿಗೆ ಒಪ್ಪಿಸಬೇಕು. ಹಲವರು ಎಡವುವುದು ಇಲ್ಲಿಯೇ. ಅದೇ ಗುಂಪಿನಲ್ಲಿ ಸಾಟಾ (ಡಿಸ್ಕ್ ಜೋಡಿಸುವ) ಅಥವಾ ನೆಟ್‌ವರ್ಕ್ ಸಾಧನವೂ ಸೇರಿಕೊಂಡಿದ್ದರೆ ಕಾರ್ಡನ್ನು ಬೇರೆ ಸ್ಲಾಟ್‌ಗೆ ಬದಲಿಸಿ ನೋಡಿ. ಗುಂಪನ್ನು ಬಲವಂತವಾಗಿ ಒಡೆಯುವ ಎಸಿಎಸ್ ಪ್ಯಾಚ್ ಎಂಬ ಕರ್ನಲ್ ತಿದ್ದುಪಡಿ ಇದೆಯಾದರೂ, ಅದು ಸಾಧನಗಳ ನಡುವಿನ ನಿಜವಾದ ಪ್ರತ್ಯೇಕತೆಯನ್ನು ತರುವುದಿಲ್ಲವಾದ್ದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಎನ್ವಿಡಿಯಾ ಅಥವಾ ಎಎಂಡಿ ಡ್ರೈವರ್ ಕಾರ್ಡನ್ನು ಹಿಡಿದುಕೊಳ್ಳುವ ಮೊದಲೇ ವಿಎಫ್‌ಐಒ ಡ್ರೈವರ್ (ಸಾಧನವನ್ನು ವರ್ಚುವಲ್ ಯಂತ್ರಕ್ಕಾಗಿ ಕಾದಿರಿಸುವ ಡ್ರೈವರ್) ಅದನ್ನು ವಶಪಡಿಸಿಕೊಳ್ಳುವಂತೆ ಸಂರಚಿಸಿ, ಇನಿಟ್‌ರಾಮ್‌ಎಫ್‌ಎಸ್ ಅನ್ನು (ಬೂಟ್ ಆಗುವಾಗ ಮೊದಲು ಲೋಡ್ ಆಗುವ ಕಡತವ್ಯವಸ್ಥೆ) ಮತ್ತೆ ನಿರ್ಮಿಸುವುದನ್ನು ಮರೆಯಬೇಡಿ. ಎರಡೂ ಕಾರ್ಡ್‌ಗಳು ಒಂದೇ ಮಾದರಿಯವಾಗಿದ್ದರೆ ಅವುಗಳ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ, ಸಂಖ್ಯೆಯ ಬದಲು ಪಿಸಿಐ ವಿಳಾಸದ ಮೂಲಕ ಆರಿಸಬೇಕು. ಇಲ್ಲವಾದರೆ ನಿಮ್ಮ ಲಿನಕ್ಸ್ ಪರದೆಯೇ ಕಪ್ಪಾಗುತ್ತದೆ.

ಹಳೆಯ ಬರಹಗಳಲ್ಲಿ ಎನ್ವಿಡಿಯಾದ 43ನೇ ಸಂಖ್ಯೆಯ ದೋಷಕ್ಕೆ (ವರ್ಚುವಲ್ ಯಂತ್ರವೆಂದು ತಿಳಿದು ಡ್ರೈವರ್ ಕೆಲಸ ಮಾಡಲು ನಿರಾಕರಿಸುವುದಕ್ಕೆ) ಹೇಳಿರುವ ಉಪಾಯಗಳು 2021ರಲ್ಲಿ ಬಂದ 465ನೇ ಸರಣಿಯ ಡ್ರೈವರ್‌ನಿಂದೀಚೆಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.