ಡಿಪಿಎಫ್ ಲೈಟ್ ಹತ್ತಿತಾ? ಟ್ರ್ಯಾಕ್ಟರ್ ಆಫ್ ಮಾಡುವ ಮುಂಚೆ ಇದನ್ನು ಓದಿ

ಗದ್ದೆಯಲ್ಲಿ ರೋಟವೇಟರ್ ಓಡುತ್ತಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್‌ನ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ, ಹಳದಿ ಲೈಟ್ ಹತ್ತುತ್ತದೆ. ಅದರಲ್ಲಿ ಒಂದು ಡಬ್ಬಿಯ ಚಿತ್ರ, ಒಳಗೆ ಚುಕ್ಕಿಗಳು. ಸೈಲೆನ್ಸರ್ ಕಡೆಯಿಂದ ಬಿಸಿ ಗಾಳಿ, ಸುಟ್ಟ ವಾಸನೆ. ಏನೋ ಕೆಟ್ಟಿತು ಅಂತ ಹೆದರಿ ಎಂಜಿನ್ ಆಫ್ ಮಾಡುತ್ತೇವೆ. ನಮ್ಮ ಗಾಡಿಯಲ್ಲಿ ಹೀಗೆ ಮೂರು ಸಲ ಮಾಡಿದೆವು. ನಾಲ್ಕನೇ ಸಲ ಗಾಡಿಗೆ ಎಳೆಯುವ ಶಕ್ತಿಯೇ ಇರಲಿಲ್ಲ. ನಿಜವಾಗಿ ಏನೂ ಕೆಟ್ಟಿರಲಿಲ್ಲ. ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತಿತ್ತು, ನಾವು ಬಿಡಲಿಲ್ಲ.

2023ರ ಜನವರಿಯಿಂದ 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದಿದೆ. ಹೊಸ ಗಾಡಿಗಳಲ್ಲಿ ಕೆಲವಕ್ಕೆ ಡಿಪಿಎಫ್ ಇರುತ್ತದೆ. ಅದರೊಳಗೆ ಜೇನುಗೂಡಿನಂಥ ಸೆರಾಮಿಕ್ ತುಂಡು. ಒಂದು ತೂತಿನ ಮುಂದಿನ ಬಾಯಿ ತೆರೆದಿದ್ದರೆ ಪಕ್ಕದ್ದು ಮುಚ್ಚಿರುತ್ತದೆ. ಹೊಗೆ ಗೋಡೆಯಲ್ಲೇ ನುಸುಳಿ ಹೋಗಬೇಕು, ಮಸಿ ಅಲ್ಲೇ ಉಳಿಯುತ್ತದೆ.

ಆ ಮಸಿ ಸುಡುವುದಕ್ಕೆ ರೀಜನರೇಷನ್, ಚಿಕ್ಕದಾಗಿ ರೀಜನ್ ಅನ್ನುತ್ತಾರೆ. ಗಾಡಿಗೆ ಚೆನ್ನಾಗಿ ಲೋಡ್ ಬಿದ್ದರೆ ಸೈಲೆನ್ಸರ್ ಬಿಸಿಗೇ ಸ್ವಲ್ಪ ಸ್ವಲ್ಪ ಉರಿದುಹೋಗುತ್ತದೆ. ಸುಮ್ನೆ ಐಡಲ್‌ನಲ್ಲಿ ಬಿಟ್ಟರೆ ಮಸಿ ಜಾಸ್ತಿ. ಸೌದೆ ಒಲೆಯಲ್ಲೂ ಹಾಗೇ ಅಲ್ವಾ? ಮಂದ ಉರಿಗೆ ಪಾತ್ರೆಯ ತಳ ಕಪ್ಪಾಗುತ್ತದೆ. ಮಸಿ ತುಂಬಿದ್ದು ಸೆನ್ಸರ್‌ಗೆ ಗೊತ್ತಾದಾಗ ಎಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಫಿಲ್ಟರ್ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸುತ್ತದೆ. ಆಗ ಕೆಲಸ ನಿಲ್ಲಿಸಬೇಡಿ. ಆರ್‌ಪಿಎಂ ಇಳಿಸದೆ ಉಳುತ್ತಾ ಇರಿ, ಲೈಟ್ ತಾನಾಗಿ ಆರುತ್ತದೆ.

ಪಕ್ಕದಲ್ಲಿ ಹುಲ್ಲಿನ ಬಣವೆ ಇದ್ದರೆ ಮಾತು ಬೇರೆ. ಕಬ್ಬಿನ ಒಣ ತರಗು ಇದ್ದರೂ ಅಷ್ಟೇ. ರೀಜನ್ ತಡೆಯುವ ಸ್ವಿಚ್ ಇರುವುದು ಇಂಥ ಜಾಗಕ್ಕೇ. ಅದನ್ನು ಒತ್ತಿ, ಬಯಲಿಗೆ ಬಂದ ಮೇಲೆ ಮರೆಯದೆ ತೆಗೆಯಿರಿ. ಸದಾ ಒತ್ತಿಟ್ಟರೆ ಫಿಲ್ಟರ್ ಕಟ್ಟುತ್ತದೆ.

ಲೈಟ್ ಮಿಟುಕತೊಡಗಿದರೆ ಗಾಡಿ ನಿಲ್ಲಿಸಿಯೇ ಸುಡಬೇಕು. ಮೊದಲು ಜಾಗ ನೋಡಿ: ಬರಿ ಮಣ್ಣು, ತಲೆಯ ಮೇಲೆ ಕೊಂಬೆ ಇಲ್ಲ, ಶೆಡ್ಡಿನ ಒಳಗಂತೂ ಬೇಡ. ಡೀಸೆಲ್ ಸಾಕಷ್ಟಿರಲಿ. ಎಂಜಿನ್ ಬಿಸಿಯಾಗಿರಬೇಕು. ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಪಿಟಿಒ (ರೋಟವೇಟರ್ ತಿರುಗಿಸುವ ಶಾಫ್ಟ್) ಬಿಡಿಸಿ, ರೀಜನ್ ಬಟನ್ ಒತ್ತಿಹಿಡಿಯಿರಿ. ಆರ್‌ಪಿಎಂ ತಾನೇ ಏರುತ್ತದೆ, ಆಕ್ಸಿಲರೇಟರ್ ಮುಟ್ಟಬೇಡಿ. ಅರ್ಧ ಗಂಟೆ ಆಗಬಹುದು. ಅಷ್ಟೂ ಹೊತ್ತು ಹತ್ತಿರವೇ ಇರಿ, ಮಕ್ಕಳನ್ನೂ ದನಗಳನ್ನೂ ಸೈಲೆನ್ಸರ್ ಕಡೆ ಬಿಡಬೇಡಿ. ಮುಗಿದ ಮೇಲೂ ಸ್ವಲ್ಪ ಹೊತ್ತು ಐಡಲ್‌ನಲ್ಲಿ ಓಡಿಸಿ ಆಮೇಲೆ ಆಫ್ ಮಾಡಿ. ಕೆಂಪು ಲೈಟ್ ಬಂದರೆ ಮಾತ್ರ ಮೆಕ್ಯಾನಿಕ್‌ನನ್ನು ಕರೆಯಿರಿ.

ಮತ್ತೆ ಮತ್ತೆ ಅರ್ಧಕ್ಕೆ ನಿಲ್ಲಿಸಿದವರು ಡಿಪ್‌ಸ್ಟಿಕ್ ಎಳೆದು ನೋಡಿ. ಉರಿಯದ ಡೀಸೆಲ್ ಆಯಿಲ್‌ಗೆ ಇಳಿದಿದ್ದರೆ ಮಟ್ಟ ಗುರುತಿಗಿಂತ ಮೇಲೆ ಬಂದಿರುತ್ತದೆ, ಬೆರಳಿಗೆ ತೆಳ್ಳಗೆ ಹತ್ತುತ್ತದೆ, ಡೀಸೆಲ್ ನಾತ ಬರುತ್ತದೆ. ಆ ಆಯಿಲ್‌ನಲ್ಲಿ ಒಂದು ದಿನವೂ ಓಡಿಸಬೇಡಿ.

ಮಸಿ ಸುಟ್ಟರೂ ಆಯಿಲ್‌ನಿಂದ ಬಂದ ಬೂದಿ ಸುಡುವುದಿಲ್ಲ, ಒಳಗೇ ಕೂರುತ್ತದೆ. ಕಡಿಮೆ ಬೂದಿ ಬಿಡುವ ಆಯಿಲ್ಲನ್ನೇ ಹಾಕಿ. ಕೈಪಿಡಿಯಲ್ಲಿ ಅದರ ಗ್ರೇಡ್ ಬರೆದಿರುತ್ತದೆ. ಸಾವಿರಾರು ಗಂಟೆ ಓಡಿದ ಮೇಲೆ ಫಿಲ್ಟರ್ ಬಿಚ್ಚಿ ಸರ್ವಿಸ್ ಸೆಂಟರಿನ ಮಷಿನ್ನಿನಲ್ಲಿ ಬೂದಿ ತೆಗೆಸಬೇಕು. ವಾಟರ್ ಸರ್ವಿಸ್‌ನವರ ಪೈಪಿಗೆ ಒಡ್ಡಬೇಡಿ, ಸೆರಾಮಿಕ್ ಬಿರುಕು ಬಿಡುತ್ತದೆ.