ಒದ್ದೆ ಕೈಗೆ ಒಗ್ಗುವ ಮ್ಯೂಸಿಕ್ ಸಿಸ್ಟಂ

ನಮ್ಮ ಅಡುಗೆಮನೆಗೆ ಮೊದಲು ಬಂದ ಮ್ಯೂಸಿಕ್ ಸಿಸ್ಟಂ ಹದಿನೈದೇ ದಿನದಲ್ಲಿ ಅಟ್ಟ ಸೇರಿತು. ಡಬ್ಬಿಯ ಮೇಲೆ 5000 ವಾಟ್ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಹಾಡಿಗೆ ತಕ್ಕಂತೆ ನೀಲಿ ದೀಪ ಕುಣಿಯುತ್ತಿತ್ತು. ಆದರೆ ಕಾಸರಗೋಡಿನ ಪೆರ್ಲದ ಬಳಿ ಗುಡ್ಡದ ಬುಡದಲ್ಲಿರುವ ನಮ್ಮ ಮನೆಯಲ್ಲಿ ಅದಕ್ಕೆ ಮಂಗಳೂರು ಆಕಾಶವಾಣಿ ಸಿಗಲಿಲ್ಲ. ಗುಂಡಿಗಳೆಲ್ಲ ಮುಟ್ಟಿದರೆ ಕೆಲಸ ಮಾಡುವಂಥವು. ತೆಂಗಿನಕಾಯಿ ತುರಿದ ಕೈಯಲ್ಲಿ ಎಷ್ಟು ಮುಟ್ಟಿದರೂ ಅವಕ್ಕೆ ಗೊತ್ತಾಗುತ್ತಿರಲಿಲ್ಲ. ಒಂದು ಬೆಳಗ್ಗೆ ಅಮ್ಮ, "ಇದರ ಜೊತೆ ಜಗಳವಾಡುತ್ತಾ ಕೂತರೆ ಸಾಂಬಾರು ತಳ ಹಿಡಿಯುತ್ತದೆ, ಇದನ್ನು ತೆಗೆದುಕೊಂಡು ಹೋಗು" ಎಂದರು.

ತಪ್ಪು ನನ್ನದೇ. ಅಂಗಡಿಯಲ್ಲಿ ನಿಂತು ಅಂಗಡಿಯ ಕಿವಿಯಿಂದ ಕೇಳಿ ಕೊಂಡಿದ್ದೆ. ಅಡುಗೆಮನೆಗೆ ಬೇಕಾದದ್ದನ್ನು ಅಡುಗೆಮನೆಯಲ್ಲಿ ನಿಂತೇ ನಿರ್ಧರಿಸಬೇಕು. ಎರಡನೆಯ ಸಲ ನಾನು ಹಿಡಿದ ದಾರಿ ಇದು.

ಒಂದು ದಿನ ಸುಮ್ಮನೆ ಗಮನಿಸಿ

ಕೊಳ್ಳುವ ಮೊದಲು ಮನೆಯವರು ಏನು ಕೇಳುತ್ತಾರೆ, ಯಾವ ಹೊತ್ತಿಗೆ, ಎಲ್ಲಿ ನಿಂತು ಎಂಬುದನ್ನು ಒಂದು ದಿನ ನೋಡಿ. ನಮ್ಮಲ್ಲಿ ಬೆಳಗ್ಗೆ ದೋಸೆ ಕಾವಲಿ ಬಿಸಿಯಾಗುವ ಹೊತ್ತಿಗೆ ರೇಡಿಯೊ ಬೇಕು: ವಾರ್ತೆ, ಚಿಂತನ, ಹಳೆಯ ಹಾಡು. ಮಧ್ಯಾಹ್ನ ಮಕ್ಕಳ ಮೊಬೈಲಿನ ಹಾಡು. ಸಂಜೆ ಜಗಲಿಯಲ್ಲಿ ಅಡಿಕೆ ಸುಲಿಯುವಾಗ ತಾಳಮದ್ದಳೆ, ಅಂದರೆ ವೇಷ-ಕುಣಿತವಿಲ್ಲದೆ ಹಾಡು-ಮಾತಿನಲ್ಲೇ ನಡೆಯುವ ಯಕ್ಷಗಾನ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲಂತೂ ಮಳೆಗಾಲವಿಡೀ ಧ್ವನಿಮುದ್ರಣಗಳದ್ದೇ ಆಸರೆ. ಲೆಕ್ಕ ಹಾಕಿದರೆ ಮುಕ್ಕಾಲು ಪಾಲು ಮಾತು, ಕಾಲು ಪಾಲು ಸಂಗೀತ. ಅಂದ ಮೇಲೆ ನಮಗೆ ಬೇಕಾದದ್ದು ಎದೆ ನಡುಗಿಸುವ ಬಾಸ್ ಅಲ್ಲ, ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಬಿಡಿಸಿ ಕೇಳುವ ಸ್ಪೀಕರ್.

ನಿಮ್ಮ ಮನೆಯಲ್ಲಿ ಇದು ತಿರುಗುಮುರುಗಾಗಿರಬಹುದು. ಹಾಗಿದ್ದರೆ ಮುಂದಿನ ತೀರ್ಮಾನಗಳೂ ಬೇರೆಯಾಗುತ್ತವೆ.

ಜಾಗ ಮೊದಲು, ಪೆಟ್ಟಿಗೆ ಆಮೇಲೆ

ಮಿಕ್ಸಿ ತಿರುಗುವಾಗ, ಕುಕ್ಕರ್ ಕೂಗುವಾಗ, ಹಿತ್ತಲಿನ ಶೀಟಿನ ಮೇಲೆ ಮಳೆ ಸುರಿಯುವಾಗ ಯಾವ ಸ್ಪೀಕರೂ ಗೆಲ್ಲುವುದಿಲ್ಲ. ಅದಕ್ಕೆಂದು ಹೆಚ್ಚು ವಾಟ್ ಕೊಳ್ಳುವುದು ದಂಡ. ವಾಟ್ ಎರಡು ಪಟ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಎನಿಸಬೇಕಾದರೆ ಸುಮಾರು 10 ಪಟ್ಟು ವಾಟ್ ಬೇಕು. ಬದಲಿಗೆ ಸ್ಪೀಕರನ್ನೇ ಹತ್ತಿರ ತನ್ನಿ. ಬಯಲಲ್ಲಾದರೆ ದೂರ ಅರ್ಧಕ್ಕಿಳಿದಾಗ 6 ಡೆಸಿಬೆಲ್ ಸಿಗುತ್ತದೆ, ಅಂದರೆ ನಾಲ್ಕು ಪಟ್ಟು ವಾಟ್ ಕೊಂಡಷ್ಟು ಲಾಭ. ಗೋಡೆಗಳ ಪ್ರತಿಧ್ವನಿಯಿಂದಾಗಿ ಕೋಣೆಯೊಳಗೆ ಲಾಭ ಇದಕ್ಕಿಂತ ಕಡಿಮೆ. ಆದರೂ ಕಿವಿಯ ಎತ್ತರಕ್ಕೆ, ಒಂದೂವರೆ ಮೀಟರ್ ದೂರದಲ್ಲಿ ಇಟ್ಟ ಚಿಕ್ಕ ಪೆಟ್ಟಿಗೆ ಚಾವಡಿಯಿಂದ ಅರಚುವ ದೊಡ್ಡ ಪೆಟ್ಟಿಗೆಗಿಂತ ಎಷ್ಟೋ ವಾಸಿ.

ಒಲೆಯ ನೇರ ಮೇಲಿನ ಹಲಗೆ ಬೇಡ. ಒಗ್ಗರಣೆಯ ಎಣ್ಣೆ ಹಬೆಯಾಗಿ ಏರಿ ಜಾಲರಿಯ ಮೇಲೆ ಅಂಟಂಟಾಗಿ ಕೂರುತ್ತದೆ, ಅದರ ಮೇಲೆ ಧೂಳು ಕೂತು ತಿಂಗಳೊಳಗೆ ಕಂದು ಬಣ್ಣದ ಹೊದಿಕೆ ಬರುತ್ತದೆ. ಫ್ರಿಜ್ ತಲೆಯ ಮೇಲೆ ಇಟ್ಟರೆ ನಡುಕ. ಸ್ಟೀಲ್ ತಟ್ಟೆಗಳ ಸಾಲಿನಲ್ಲಿಟ್ಟರೆ ಭಾಗವತರು ಏರುಶ್ರುತಿಗೆ ಹೋದಾಗಲೆಲ್ಲ ಮುಚ್ಚಳಗಳು ಝಣಝಣ ಎನ್ನುತ್ತವೆ. ನಮ್ಮಲ್ಲಿ ಇದನ್ನು ಪತ್ತೆ ಹಚ್ಚಲು ಮೂರು ದಿನ ಬೇಕಾಯಿತು, ಅಷ್ಟರಲ್ಲಿ ಸ್ಪೀಕರೇ ಹಾಳೆಂದು ಬೈದಾಗಿತ್ತು. ಮೂಲೆಗೆ ಒತ್ತಿ ಇಟ್ಟರೆ ಎರಡೂ ಗೋಡೆಗಳು ಬಾಸನ್ನು ಹಿಗ್ಗಿಸಿ ಮಾತನ್ನು ಗುಂಯ್‌ಗುಟ್ಟಿಸುತ್ತವೆ. ಗೋಡೆಯಿಂದ ಒಂದು ಗೇಣು ಮುಂದಿರಲಿ.

ಪ್ಲಗ್ ಪಾಯಿಂಟ್ ಎಲ್ಲಿದೆ ನೋಡಿಕೊಳ್ಳಿ. ಸಿಂಕಿನ ಪಕ್ಕದಿಂದ ವೈರ್ ಎಳೆಯುವ ಸಾಹಸ ಬೇಡವೇ ಬೇಡ.

ಎಫ್‌ಎಂ ಎಂಬ ಅಸಲು ಪರೀಕ್ಷೆ

ಈಗಿನ ಪುಟ್ಟ ಸ್ಪೀಕರ್‌ಗಳ ಡಬ್ಬಿಯ ಮೇಲೆ ಬ್ಲೂಟೂತ್, ಯುಎಸ್‌ಬಿ, ಆಕ್ಸ್ ಜೊತೆಗೆ ಎಫ್‌ಎಂ ಎಂದೂ ಬರೆದಿರುತ್ತದೆ. ನಂಬಿ ತಂದರೆ ಬರೀ ಸುಯ್ಯೆನ್ನುವ ಸದ್ದು. ಕಾರಣ ಆಂಟೆನಾ. ಎಫ್‌ಎಂ ಅಲೆಗಳು ಬಹುಮಟ್ಟಿಗೆ ನೇರ ದಾರಿಯಲ್ಲಿ ಸಾಗುತ್ತವೆ. ನಡುವೆ ಗುಡ್ಡ ಬಂದರೆ ಅದರ ನೆರಳಿನಲ್ಲಿ ಕ್ಷೀಣಿಸುತ್ತವೆ. ಕುಂಬಳೆ, ಮಂಜೇಶ್ವರದ ಬಯಲಿನವರಿಗೆ ಇದರ ಬಿಸಿ ತಟ್ಟದು. ಆದರೆ ಗುಡ್ಡಗಳ ನಡುವಿನ ತಗ್ಗಿನಲ್ಲಿ, ಅಡಿಕೆ ತೋಟದ ಅಂಚಿನಲ್ಲಿ ಮನೆ ಮಾಡಿರುವ ನಮ್ಮಂಥವರಿಗೆ ಇದೇ ಮೊದಲ ಪ್ರಶ್ನೆ.

ಎಳೆದು ಉದ್ದ ಮಾಡುವ ಲೋಹದ ಆಂಟೆನಾ ಇರುವುದನ್ನೇ ಆರಿಸಿ. 100 ಮೆಗಾಹರ್ಟ್ಸ್ ಆಸುಪಾಸಿನ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ 75 ಸೆಂಟಿಮೀಟರ್, ಆಂಟೆನಾಕ್ಕೆ ಹೇಳಿ ಮಾಡಿಸಿದ ಅಳತೆ. ಬೆರಳುದ್ದದ ಕಡ್ಡಿಯಿಂದ ಹೆಚ್ಚು ನಿರೀಕ್ಷಿಸಬೇಡಿ. ಕೆಲವು ಪೆಟ್ಟಿಗೆಗಳಲ್ಲಿ ಆಂಟೆನಾ ಕಾಣಿಸುವುದೇ ಇಲ್ಲ, ಚಾರ್ಜಿಂಗ್ ವೈರೇ ಆ ಕೆಲಸ ಮಾಡುತ್ತದೆ. ಅಂಥದ್ದು ಈಗಾಗಲೇ ಮನೆಯಲ್ಲಿದ್ದರೆ ವೈರ್ ಸಿಕ್ಕಿಸಿ, ಸುರುಳಿ ಬಿಚ್ಚಿ ಕಿಟಕಿಯ ಕಡೆಗೆ ಚಾಚಿ ನೋಡಿ. ಸತ್ತ ಸ್ಟೇಷನ್ ಬದುಕುವುದುಂಟು.

ಟ್ಯೂನರ್ ಬಗೆಯೂ ಮುಖ್ಯ. ಮಂಗಳೂರು ಆಕಾಶವಾಣಿ 100.3ರಲ್ಲಿ, ಕಣ್ಣೂರು 101.5ರಲ್ಲಿ. ಹಳೆಯ ಮಾದರಿಯ ಮುಳ್ಳಿನ ಡಯಲ್‌ನಲ್ಲಿ ಇವೆರಡರ ನಡುವೆ ಕೂದಲೆಳೆಯ ಅಂತರ. ಎರಡೂ ಸಿಗುವ ಕಡೆ ಒರೆಸುವ ಬಟ್ಟೆ ತಾಗಿದರೂ ಸಾಕು, ಕನ್ನಡದ ವಾರ್ತೆ ಮಲಯಾಳಕ್ಕೆ ಜಾರುತ್ತದೆ. ಅಂಕಿ ತೋರಿಸುವ, ಸ್ಟೇಷನ್ ನೆನಪಿಟ್ಟುಕೊಳ್ಳುವ ಡಿಜಿಟಲ್ ಟ್ಯೂನರ್‌ಗೆ ಈ ತೊಂದರೆ ಇಲ್ಲ. ಆದರೆ ಕರೆಂಟ್ ಹೋಗಿ ಬಂದ ಮೇಲೂ ಆ ನೆನಪು ಉಳಿಯುತ್ತದೆಯೇ ಎಂದು ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿ ಪರೀಕ್ಷಿಸಿ. ನಮ್ಮ ಕಡೆ ಕರೆಂಟ್ ಹೋಗುವುದಕ್ಕೆ ಲೆಕ್ಕವಿಲ್ಲವಲ್ಲ.

ಸಿಗ್ನಲ್ ದುರ್ಬಲವಿದ್ದಾಗ ಸ್ಟೀರಿಯೊ ಬಿಟ್ಟು ಮೋನೊಗೆ ಹಾಕಿದರೆ ಸುಯ್‌ಗುಟ್ಟುವುದು ಗಣನೀಯವಾಗಿ ಇಳಿಯುತ್ತದೆ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್‌ಗಳೂ ರೇಡಿಯೊ ಕೆಡಿಸುತ್ತವೆ. ಒಂದೊಂದಾಗಿ ಆರಿಸುತ್ತಾ ಹೋದರೆ ಅಪರಾಧಿ ಸಿಗುತ್ತದೆ.

ಮೊಬೈಲಿನ ಆ್ಯಪ್‌ನಲ್ಲಿ ಆಕಾಶವಾಣಿ ಕೇಳಿ ಅದನ್ನು ಬ್ಲೂಟೂತ್‌ಗೆ ಕಳಿಸಿದರಾಗದೇ ಎಂದು ಮಗ ಕೇಳಿದ. ಆಗುತ್ತದೆ, ಇಂಟರ್ನೆಟ್ ಇರುವಷ್ಟು ಹೊತ್ತು. ಆದರೆ ಬ್ಲೂಟೂತ್‌ಗೆ ಅದರದ್ದೇ ಕಾಟ. ಬಯಲಲ್ಲಿ ಹತ್ತು ಮೀಟರ್ ದಾಟುವ ಅದು ಕೆಂಪುಕಲ್ಲಿನ ದಪ್ಪ ಗೋಡೆಗಳನ್ನು ದಾಟುವಾಗ ತಡವರಿಸುತ್ತದೆ. ಮೊಬೈಲ್ ಚಾವಡಿಯಲ್ಲಿ, ಸ್ಪೀಕರ್ ಅಡುಗೆಮನೆಯಲ್ಲಿ ಎಂದರೆ ಹಾಡು ತುಂಡು ತುಂಡು. ಮೈಕ್ರೊವೇವ್ ಒಲೆಯೂ ಅದೇ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ ಅದು ಓಡುವಾಗ ಇನ್ನಷ್ಟು ತೊಡಕು. ಎಲ್ಲಕ್ಕಿಂತ ದೊಡ್ಡ ಅಪಾಯ ಫೋನ್ ಕರೆ. ಒಮ್ಮೆ ಮದುವೆ ಮಾತುಕತೆಯ ಗುಟ್ಟು ಹೇಳಲು ಅತ್ತಿಗೆ ಫೋನ್ ಮಾಡಿದರು; ಅಡಿಕೆ ಸುಲಿಯುತ್ತಿದ್ದ ಅಷ್ಟೂ ಜನ ಸ್ಪೀಕರಿನಲ್ಲಿ ಕೇಳಿಸಿಕೊಂಡರು.

ಡಬ್ಬಿಯ ಮೇಲಿನ ಅಂಕಿಗಳು

ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠವನ್ನು ಹಿಗ್ಗಿಸಿ ಹೇಳುವ ಲೆಕ್ಕ, ಎಂದು ಬರೆದ ಸಾವಿರಾರು ವಾಟ್‌ಗಳನ್ನು ಓದದೆ ಬಿಡಿ. ಕಣ್ಣು ಹಾಕಬೇಕಾದದ್ದು ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಎಂಬ ಅಂಕಿಗೆ. ಅಡುಗೆಮನೆಗೆ 5ರಿಂದ 10 ವಾಟ್, ಚಾವಡಿಗೆ 20ರಿಂದ 40 ವಾಟ್ ಆರ್‌ಎಂಎಸ್ ಇದ್ದರೆ ನನ್ನ ಮಟ್ಟಿಗೆ ಧಾರಾಳವಾಯಿತು. ಅಡುಗೆಮನೆಯ ಪುಟ್ಟ ಪೆಟ್ಟಿಗೆಯಲ್ಲಿ ಸ್ಟೀರಿಯೊ ಹುಡುಕುವುದೂ ವ್ಯರ್ಥ; ಒಂದು ಗೇಣು ಅಂತರದ ಎರಡು ಸ್ಪೀಕರ್‌ಗಳಿಂದ ಎಡ ಬಲ ಎಂಬ ಭಾವ ಹುಟ್ಟುವುದಿಲ್ಲ. ಸಂಗೀತವನ್ನು ಕೂತು ಕೇಳುವ ಚಾವಡಿಗೆ ಬೇಕಾದರೆ ಬಿಡಿ ಬಿಡಿಯಾದ ಎರಡು ಪೆಟ್ಟಿಗೆಗಳಿರುವುದನ್ನು ಕೊಂಡು, ಎರಡು ಮೀಟರ್ ಅಂತರದಲ್ಲಿ ಇಡಿ.

ಬ್ಯಾಟರಿಯದ್ದು ಸರಳ ಗುಣಾಕಾರ. 2000 ಎಂಎಎಚ್ ಅಂದರೆ 2 ಆಂಪಿಯರ್-ಗಂಟೆ. ಲಿಥಿಯಂ ಸೆಲ್ಲಿನ 3.7 ವೋಲ್ಟ್‌ನಿಂದ ಗುಣಿಸಿದರೆ 7.4 ವಾಟ್-ಗಂಟೆ. ಮೆಲುದನಿಯಲ್ಲಿ ಸರಾಸರಿ 1 ವಾಟ್ ಎಳೆದರೆ ಏಳು ಗಂಟೆ ಬರುತ್ತದೆ. ಜೋರಾಗಿಟ್ಟು 7 ವಾಟ್ ಎಳೆಸಿದರೆ ಒಂದೇ ಗಂಟೆ. ಡಬ್ಬಿಯ ಮೇಲಿನ ಗಂಟೆಗಳ ಲೆಕ್ಕ ಯಾವ ವಾಲ್ಯೂಮ್‌ನದ್ದು ಎಂದು ಕೇಳಿ. ಬಹುತೇಕ ಸಲ ಅದು ಅರ್ಧ ವಾಲ್ಯೂಮ್‌ನದ್ದು.

ನೀರಿನಿಂದ ರಕ್ಷಣೆಗೆ ಐಪಿಎಕ್ಸ್4 ಎಂದರೆ ಎರಚಲು ತಡೆಯುತ್ತದೆ, ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ. ಅಡುಗೆಮನೆಗೆ 4 ಸಾಕು. ಇವೆಲ್ಲ ತಣ್ಣೀರಿನ ಪರೀಕ್ಷೆಗಳು, ಹಬೆಗೂ ಎಣ್ಣೆಗೂ ಅಲ್ಲ. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಲಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಅಂಗಡಿಗೆ ನಿಮ್ಮದೇ ಪೆನ್‌ಡ್ರೈವ್ ಒಯ್ಯಿರಿ

ಅಂಗಡಿಯವರು ಹಾಕುವ ಹಾಡು ಬಾಸ್ ತೋರಿಸಲೆಂದೇ ಆರಿಸಿದ್ದು. ನಿಮ್ಮ ಪೆನ್‌ಡ್ರೈವ್‌ನಲ್ಲಿ ಮೂರು ತುಣುಕು ಹಾಕಿಕೊಳ್ಳಿ: ಹಳೆಯ ಕ್ಯಾಸೆಟ್‌ನಿಂದ ಇಳಿಸಿದ ತಾಳಮದ್ದಳೆಯ ಮಾತು, ಚೆಂಡೆ-ಮದ್ದಳೆಯ ಏರುಪದ, ನಿಮಗೆ ಬಾಯಿಪಾಠವಾಗಿರುವ ಒಂದು ಭಾವಗೀತೆ. ಪೆನ್‌ಡ್ರೈವ್ 32 ಜಿಬಿಯೊಳಗಿದ್ದು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ಬೇರೆ ಮಾದರಿಯವನ್ನು ಎಷ್ಟೋ ಪುಟ್ಟ ಸಿಸ್ಟಂಗಳು ಓದುವುದೇ ಇಲ್ಲ.

ಬಾಸ್ ಬೂಸ್ಟ್ ಆರಿಸಿ, ವಾಲ್ಯೂಮ್ ಕಾಲು ಭಾಗಕ್ಕಿಳಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಬೆನ್ನು ತಿರುಗಿಸಿ ನಿಲ್ಲಿ. ಅಡುಗೆ ಮಾಡುವವರು ಸ್ಪೀಕರಿನ ಮುಖ ನೋಡುತ್ತಾ ನಿಲ್ಲುವುದಿಲ್ಲವಷ್ಟೆ. ಮಾತಿನ ಸ, ಶ, ಷ ಬೇರೆ ಬೇರೆಯಾಗಿ ಕೇಳಬೇಕು. ಚೆಂಡೆಯ ಪೆಟ್ಟು ಚರ್ಮದ ಮೇಲೆ ಬಿದ್ದಂತಿರಬೇಕು, ತಗಡಿನ ಡಬ್ಬ ಬಡಿದಂತಲ್ಲ. ಚಕ್ರತಾಳ ಕಿವಿ ಕೊರೆದರೆ ಆ ಪೆಟ್ಟಿಗೆಯನ್ನು ಕೆಳಗಿಡಿ. ಕೊನೆಗೆ ಪೂರ್ತಿ ವಾಲ್ಯೂಮ್ ಕೊಟ್ಟು, ಒಡೆದ ದನಿ ಎಲ್ಲಿಂದ ಶುರುವಾಗುತ್ತದೆ ನೋಡಿ.

ಆಮೇಲೆ ಅಂಗಡಿಯವರಿಗೆ ವಿಚಿತ್ರವೆನಿಸುವ ಒಂದು ಕೆಲಸ. ಬಾಟಲಿಯ ನೀರಿನಲ್ಲಿ ಬೆರಳು ಒದ್ದೆ ಮಾಡಿ, ಕೊಡವಿ, ವಾಲ್ಯೂಮ್ ಹೆಚ್ಚು ಕಡಿಮೆ ಮಾಡಲು ಪ್ರಯತ್ನಿಸಿ. ತಿರುಗಿಸುವ ದಪ್ಪ ಗುಂಡಿಯಾದರೆ ಮೊಣಕೈಯಿಂದಲೂ ಸರಿಸಬಹುದು. ನಾನು ಹೀಗೆ ಮಾಡಿದಾಗ ಅಂಗಡಿಯ ಹುಡುಗ, "ಅಕ್ಕ, ಇದಕ್ಕೆ ರಿಮೋಟ್ ಇದೆಯಲ್ಲ" ಎಂದ. ರಿಮೋಟ್ ಅಡುಗೆಮನೆಯಲ್ಲಿ ಎರಡನೆಯ ವಾರ ಅಕ್ಕಿ ಡಬ್ಬದಲ್ಲಿ ಸಿಗುತ್ತದೆ ಎಂದೆ.

ವಾರಂಟಿ ಕಾರ್ಡಿಗೆ ದಿನಾಂಕ, ಮೊಹರು ಹಾಕಿಸಿ. ಸರ್ವಿಸ್ ಸೆಂಟರ್ ಕಾಸರಗೋಡಿನಲ್ಲೇ ಇದೆಯೇ ಅಥವಾ ತಲಪಾಡಿ ದಾಟಿ ಮಂಗಳೂರಿಗೇ ಹೋಗಬೇಕೇ ಎಂದು ಈಗಲೇ ಕೇಳಿ. ಬಸ್ಸಿನಲ್ಲಿ ಅರ್ಧ ದಿನ ಹೋಗುತ್ತದೆ.

ಮಳೆ, ಸಿಡಿಲು, ಜಿರಲೆ

ಏಪ್ರಿಲ್-ಮೇ ತಿಂಗಳಲ್ಲೂ ಅಕ್ಟೋಬರ್-ನವೆಂಬರಿನ ತುಲಾ ಮಾಸದಲ್ಲೂ ಸಂಜೆ ಗುಡುಗು ಕೇಳಿದೊಡನೆ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲಿಗೆ ಆ ಸಣ್ಣ ಅಂತರ ಲೆಕ್ಕವೇ ಅಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟ್ ಹೋದಾಗ ಸ್ಪೀಕರ್ ಗುಂಯ್ ಎನ್ನುವುದುಂಟು, ಅಂಥಲ್ಲಿ ಬ್ಯಾಟರಿಯದ್ದೇ ಸುಖ. ಸೆಲ್ ಹಾಕುವ ರೇಡಿಯೊ ಆದರೆ ಬಳಸದ ದಿನಗಳಲ್ಲಿ ಸೆಲ್ ಹೊರಗಿರಲಿ. ಕಳೆದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆ ತಿಂಗಳಲ್ಲಿ, ನಮ್ಮ ರೇಡಿಯೊದ ಮುಚ್ಚಳ ತೆಗೆದರೆ ಸ್ಪ್ರಿಂಗಿನ ಮೇಲೆ ಹಸಿರು ಹೊಟ್ಟು ಹಬ್ಬಿತ್ತು, ಹಿಂದಿನ ತೂತಿನಲ್ಲಿ ಜಿರಲೆಯ ಸಂಸಾರವಿತ್ತು. ಹೊಟ್ಟನ್ನು ಒಣ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆದೆ. ಜಾಲರಿಯ ಎಣ್ಣೆಗೂ ಅದೇ ಬ್ರಷ್, ಆಮೇಲೆ ಹಿಂಡಿದ ಬಟ್ಟೆ.

ಕೊನೆಗೆ ನಾವು ಕೊಂಡದ್ದು ಏನು? ಚಾವಡಿಗೆ ಎರಡು ಪೆಟ್ಟಿಗೆಯ ಮಧ್ಯಮ ಸಿಸ್ಟಂ. ಅಡುಗೆಮನೆಗೆ ಉದ್ದ ಆಂಟೆನಾದ, ದಪ್ಪ ಗುಂಡಿಯ ಸಾಧಾರಣ ರೇಡಿಯೊ. ಅಂಥದ್ದೇ ಇನ್ನೊಂದು ಜಗಲಿಗೆ. ಎಲ್ಲ ಕೋಣೆಗಳಲ್ಲೂ ಒಂದೇ ಹಾಡು ಕೇಳಿಸುವ ವೈಫೈ ಸ್ಪೀಕರ್‌ಗಳ ಬೆಲೆ ಕೇಳಿ ಬಂದ ಮೇಲೆ ಹೊಳೆದ ಉಪಾಯವಿದು. ಒಂದೇ ಸ್ಟೇಷನ್‌ಗೆ ಇಟ್ಟ ಎರಡು ಎಫ್‌ಎಂ ರೇಡಿಯೊಗಳ ನಡುವೆ ಕ್ಷಣದ ಹಿಂದುಮುಂದೂ ಇರುವುದಿಲ್ಲ. ಅಮ್ಮ ಚಹಾದ ಲೋಟ ಹಿಡಿದು ಅಡುಗೆಮನೆಯಿಂದ ಜಗಲಿಗೆ ಬರುವಷ್ಟರಲ್ಲಿ ತಾಳಮದ್ದಳೆಯ ಕೃಷ್ಣನ ಮಾತಿನ ಒಂದು ಅಕ್ಷರವೂ ತಪ್ಪುವುದಿಲ್ಲ. ಎರಡರದ್ದೂ ಮುಳ್ಳಿನ ಡಯಲ್. ಹಾಗಾಗಿ 100.3ಕ್ಕೆ ನಿಲ್ಲಿಸಿ ಸ್ಟೇಷನ್ ಗುಂಡಿಯ ಮೇಲೆ ಅಮ್ಮ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದಾರೆ.