ಹಳೆಯ ಫೋರ್ ವೀಲ್ ಡ್ರೈವ್ ಗಾಡಿ: ಮುಂದಿನ ಹಬ್ ಬಿಚ್ಚಿ ಬೇರಿಂಗ್‌ಗೆ ಹೊಸ ಗ್ರೀಸ್ ತುಂಬುವುದು

ನೀರಿಗಿಳಿದು ಬಂದ ಗಾಡಿ ಮರುದಿನ ಚೆನ್ನಾಗಿಯೇ ಓಡುತ್ತದೆ. ಮುಂದಿನ ಚಕ್ರದಿಂದ ಗುಂಯ್ ಎನ್ನುವ ಸದ್ದು ಕೇಳಿಸುವುದು ತಿಂಗಳುಗಳು ಕಳೆದ ಮೇಲೆ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಕ್ಸಲ್‌ಗೆ ಗಾಳಿಯಾಡಲು ಇರುವ ಕಿರುಕಿಂಡಿ, ಅಂದರೆ ಬ್ರೀದರ್, ಕಟ್ಟಿಕೊಂಡಿದ್ದರೆ ಆ ಸೆಳೆತಕ್ಕೆ ನೀರು ಸವೆದ ಸೀಲಿನ ಸಂದಿಯಿಂದ ಒಳಗೆ ನುಗ್ಗುತ್ತದೆ. ಹಬ್ (ಚಕ್ರ ಕೂರುವ, ಬೇರಿಂಗ್ ಮೇಲೆ ತಿರುಗುವ ನಡುಭಾಗ) ಮುಳುಗುವಷ್ಟು ನೀರಿನಲ್ಲಿ ಗಾಡಿ ನಿಂತಿದ್ದರೆ ಸದ್ದಿಗಾಗಿ ಕಾಯದೆ ಬಿಚ್ಚಿ ನೋಡಬೇಕು. ಇಲ್ಲಿ ಹೇಳುವ ಕ್ರಮ, ಒಂದೊಂದು ಹಬ್‌ನಲ್ಲಿ ಎರಡು ಟೇಪರ್ ರೋಲರ್ ಬೇರಿಂಗ್ ಇರುವ, ಮುಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುವ ಗಾಡಿಗಳಿಗೆ.

ಗಾಡಿ ಎತ್ತುವ ಮುನ್ನ ಒಂದು ಎಚ್ಚರಿಕೆ. ಹಳೆಯ ಹಲವು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ-ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಹಿಂಬದಿಯ ಶಾಫ್ಟನ್ನು. ಹಿಂದಿನ ಒಂದು ಚಕ್ರ ನೆಲ ಬಿಟ್ಟರೂ ಸಾಕು, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮೂಲಕ ಇನ್ನೊಂದು ಚಕ್ರ ತಿರುಗಿ ಗಾಡಿ ಉರುಳುತ್ತದೆ. ಆದ್ದರಿಂದ ಹಿಂದಿನ ಎರಡೂ ಚಕ್ರಗಳಿಗೆ ಮುಂದೆ-ಹಿಂದೆ ಅಡ್ಡಗಟ್ಟೆ ಇಡಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಗೆ ಕೈ ಹಾಕಬೇಡಿ.

ಈಗ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಲಟಕ್ ಎಂದರೆ ಬೇರಿಂಗ್ ಸಡಿಲವಾಗಿರಬಹುದು, ಕಿಂಗ್‌ಪಿನ್ (ಚಕ್ರ ಎಡ-ಬಲಕ್ಕೆ ಹೊರಳುವ ಕೀಲು) ಸವೆದಿರಲೂಬಹುದು. ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ. ಸಡಿಲ ಮಾಯವಾದರೆ ಬೇರಿಂಗ್, ಹಾಗೆಯೇ ಉಳಿದರೆ ಕಿಂಗ್‌ಪಿನ್. ಈ ಒಂದು ನಿಮಿಷದ ಪರೀಕ್ಷೆ ಬಿಟ್ಟರೆ ಬೇಡದ ಭಾಗಕ್ಕೆ ದುಡ್ಡು ಹೋಗುತ್ತದೆ.

ಚಕ್ರ ತೆಗೆದ ಮೇಲೆ, ಡಿಸ್ಕ್ ಬ್ರೇಕ್ ಇದ್ದರೆ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಹೋಸ್ ಮೇಲೆ ಭಾರ ಬೀಳಬಾರದು. ಡ್ರಮ್ ಇದ್ದರೆ ಅಡ್ಜಸ್ಟರ್ ಸಡಿಲಿಸಿ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಧೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಫ್ಲ್ಯಾಂಜ್ (ಶಾಫ್ಟನ್ನು ಹಬ್ಬಿಗೆ ಜೋಡಿಸುವ ತಟ್ಟೆ) ಅಥವಾ ಫ್ರೀವೀಲ್ ಹಬ್ (ಆ ಜೋಡಣೆಯನ್ನು ಬೇಕೆಂದಾಗ ಬಿಡಿಸುವ ಭಾಗ), ಶಾಫ್ಟ್ ತುದಿಯ ಸರ್ಕ್ಲಿಪ್, ಲಾಕ್‌ನಟ್, ಲಾಕ್ ವಾಷರ್, ಒಳನಟ್ ಹೀಗೆ ಒಂದೊಂದಾಗಿ ಬರುತ್ತವೆ. ವಾಷರಿನ ಮಡಿಕೆಯನ್ನು ಪೂರ್ತಿ ಬಿಡಿಸಿಯೇ ನಟ್ ತಿರುಗಿಸಿ. ಇದಕ್ಕೆ ಅಳತೆಯ ದೊಡ್ಡ ಸಾಕೆಟ್ಟೇ ಬೇಕು. ಉಳಿ ಇಟ್ಟು ಬಡಿದರೆ ನಟ್ಟಿನ ಮೂಲೆ ಹೋಗುತ್ತದೆ, ಸಿಡಿದ ಲೋಹದ ಚೂರು ಬೇರಿಂಗ್ ಸೇರುತ್ತದೆ.

ಹಬ್ ಕೈಗೆ ಬಂದಾಗ ಮೊದಲು ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಿಳುಪಾಗಿ ಕೆನೆಗಟ್ಟಿದ್ದರೆ ನೀರು ಹೊಕ್ಕಿದೆ. ತೆಳ್ಳಗೆ ಕಪ್ಪಾಗಿ ಹರಿಯುತ್ತಿದ್ದು ಗೇರ್ ಆಯಿಲ್ ವಾಸನೆ ಬಂದರೆ ಆಕ್ಸಲ್ ಒಳಸೀಲ್ ಸೋರುತ್ತಿದೆ. ಅದನ್ನು ಬದಲಿಸದೆ ಗ್ರೀಸ್ ತುಂಬಿ ಪ್ರಯೋಜನವಿಲ್ಲ.

ಬೇರಿಂಗ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಗಾಳಿಯ ಪೈಪ್ ಹಿಡಿದು ಗಿರಗಿರ ತಿರುಗಿಸಬೇಡಿ, ಒಣ ರೋಲರ್ ಗೀರುಬೀಳುತ್ತದೆ, ಸಿಡಿಯಲೂಬಹುದು. ಬೆಳಕಿಗೆ ಹಿಡಿದು ನೋಡಿ: ನೀಲಿ ಛಾಯೆ ಅತಿ ಬಿಸಿಯ ಗುರುತು, ಸೂಜಿಮೊನೆಯಷ್ಟು ಕುಳಿಗಳು ತುಕ್ಕಿನ ಅಥವಾ ದಣಿವಿನ ಗುರುತು. ರೇಸಿನ (ರೋಲರ್‌ಗಳು ಉರುಳುವ ಉಕ್ಕಿನ ಬಳೆ) ಮೇಲೆ ಸಮಾನ ಅಂತರದಲ್ಲಿ ಅಡ್ಡಗೆರೆಗಳಿದ್ದರೆ ದೊಡ್ಡ ಪೆಟ್ಟು ಬಿದ್ದಿದೆ, ಇಲ್ಲವೇ ನಿಂತ ಗಾಡಿಯಲ್ಲಿ ತೇವ ಕುಳಿತಿದೆ. ಯಾವುದು ಕಂಡರೂ ಬೇರಿಂಗ್ ಮತ್ತು ರೇಸ್ ಎರಡನ್ನೂ ಜೋಡಿಯಾಗಿ ಬದಲಿಸಿ. ಹೊಸ ರೇಸನ್ನು ಹಿತ್ತಾಳೆ ಡ್ರಿಫ್ಟಿನಿಂದ (ಇಟ್ಟು ಬಡಿಯುವ ಸಲಾಕೆ) ಎದುರುಬದುರು ತಟ್ಟುತ್ತಾ ಕೂರಿಸಿ. ತಳ ಮುಟ್ಟಿದಾಗ ಸದ್ದು ಬದಲಾಗಿ ಗಟ್ಟಿಯಾಗಿ ಕೇಳಿಸುತ್ತದೆ.

ಎನ್‌ಎಲ್‌ಜಿಐ (ಗ್ರೀಸಿನ ಗಟ್ಟಿತನದ ಅಳತೆ) 2 ದರ್ಜೆಯ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ಸಾಕು. ಹಳೆಯದರ ಜೊತೆ ಬೆರೆಸಬೇಡಿ. ಕೆಲವು ಗ್ರೀಸ್‌ಗಳು ಕೂಡಿದರೆ ನೀರಾಗಿಬಿಡುತ್ತವೆ. ಅಂಗೈಯಲ್ಲಿ ಒಂದು ಮುದ್ದೆ ಇಟ್ಟುಕೊಂಡು ಬೇರಿಂಗ್‌ನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ಕಿರಿದಾದ ಬದಿಯ ರೋಲರುಗಳ ನಡುವಿನಿಂದ ಹೊಸ ಗ್ರೀಸ್ ಹುಳದಂತೆ ಹೊರಬರುವವರೆಗೂ ಬಿಡದೆ, ಸುತ್ತಲೂ ಹೀಗೆ ಮಾಡಿ. ಮೇಲೆ ಮೆತ್ತಿದರೆ ಒಳಗೆ ಹೋಗುವುದಿಲ್ಲ. ಹಬ್ಬಿನ ಟೊಳ್ಳನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಹೆಚ್ಚಾದದ್ದು ಕಾದು ಸೀಲ್ ದಾಟಿ ಬ್ರೇಕಿಗೆ ಬರುತ್ತದೆ.

ಸೀಲ್ ಯಾವಾಗಲೂ ಹೊಸದೇ ಇರಲಿ. ಸ್ಪ್ರಿಂಗ್ ಇರುವ ತುಟಿ ಗ್ರೀಸಿನ ಕಡೆಗೆ, ತುಟಿಗೆ ತುಸು ಗ್ರೀಸ್ ಸವರಿ. ಸೀಲ್ ಉಜ್ಜುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಅಲ್ಲಿಗೆ ತೆಳು ಸ್ಲೀವ್ ಹಾಕಿ.

ಬಿಗಿ ಮಾಡುವುದೇ ಇಡೀ ಕೆಲಸದ ಜೀವಾಳ. ಹಬ್ಬನ್ನು ಕೈಯಲ್ಲಿ ತಿರುಗಿಸುತ್ತಲೇ ಒಳನಟ್ಟನ್ನು ಬಿಗಿದು ರೋಲರ್‌ಗಳನ್ನು ಕೂರಿಸಿ, ನಂತರ ಪೂರ್ತಿ ಸಡಿಲಿಸಿ, ಮತ್ತೆ ಹಗುರವಾಗಿ ಬಿಗಿಯಿರಿ. ಕೆಲವು ತಯಾರಕರು ಕೂದಲೆಳೆಯಷ್ಟು ಸಡಿಲ ಕೇಳುತ್ತಾರೆ, ಕೆಲವರು ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆಯುವಷ್ಟು ಬಿಗಿ. ನಿಮ್ಮ ಗಾಡಿಯ ಮ್ಯಾನುಯಲ್ ಹೇಳಿದ ಸಂಖ್ಯೆಯೇ ಅಂತಿಮ. ಲಾಕ್‌ನಟ್ ಬಿಗಿದಾಗ ಒಳನಟ್ ಸ್ವಲ್ಪ ಮುಂದೆ ಸರಿಯುತ್ತದೆ, ಹಾಗಾಗಿ ಅದಾದ ಮೇಲೆ ಮತ್ತೊಮ್ಮೆ ನೋಡಿ, ಹೊಸ ಲಾಕ್ ವಾಷರನ್ನು ಮಡಚಿ.

20 ಕಿ.ಮೀ. ಓಡಿಸಿ, ಆದಷ್ಟು ಕಡಿಮೆ ಬ್ರೇಕ್ ಹಾಕಿ, ಹಬ್ಬಿನ ನಡುಭಾಗ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಟ್ ಅತಿ ಬಿಗಿ, ತಕ್ಷಣ ಸಡಿಲಿಸಿ. ಕೊನೆಗೆ ಆಕ್ಸಲ್ ಮೇಲಿನ ಬ್ರೀದರ್ ಬಿಚ್ಚಿ ಊದಿ ನೋಡಿ. ಗಾಳಿ ಆಡದಿದ್ದರೆ ತೊಳೆಯಿರಿ ಅಥವಾ ಬದಲಿಸಿ. ಅದಕ್ಕೆ ರಬ್ಬರ್ ಪೈಪ್ ಜೋಡಿಸಿ ಬಾನೆಟ್ ಒಳಗಿನ ಎತ್ತರದ ಜಾಗಕ್ಕೆ ಒಯ್ದು ಕಟ್ಟಿದರೆ ಮುಂದಿನ ಸಲ ಆಕ್ಸಲ್ ಒಳಕ್ಕೆಳೆಯುವುದು ನೀರನ್ನಲ್ಲ, ಗಾಳಿಯನ್ನು.